ಬಸ್ಸು ನಿಲ್ಲುವಲ್ಲೇ ರಸ್ತೆ ಕುಸಿಯುವುದೇಕೆ?

ಮಕ್ಕಳೇ, ಈ ವಾರ ನಿಮಗೊಂದು ಕೆಲಸ. ಮುಂದಿನ ಸಲ ಬಸ್ಸಿಗೆ ಕಾಯುವಾಗ ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಲ್ಲಬೇಡಿ. ಒಂದು ನಿಮಿಷ ನೆಲದ ಕಡೆ ನೋಡಿ. ಬಸ್ಸಿನ ಗಾಲಿಗಳು ಬಂದು ನಿಲ್ಲುವ ಜಾಗದಲ್ಲಿ ಡಾಂಬರು ಎರಡು ಉದ್ದನೆಯ ಕಾಲುವೆಗಳ ಹಾಗೆ ಕೆಳಗೆ ಇಳಿದಿರುತ್ತದೆ. ಕಾಲುವೆಯ ಅಂಚಿನಲ್ಲಿ ಅದೇ ಡಾಂಬರು ಉಬ್ಬಿ ಸಣ್ಣ ದಿಬ್ಬವಾಗಿರುತ್ತದೆ. ಅಲ್ಲಿಂದ ನೂರು ಹೆಜ್ಜೆ ಆಚೆ ಹೋಗಿ ನೋಡಿ. ಅದೇ ರಸ್ತೆ, ಅದೇ ಡಾಂಬರು, ಓಡಾಡುವ ಬಸ್ಸುಗಳೂ ಅವೇ. ಆದರೆ ಅಲ್ಲಿ ರಸ್ತೆ ಸಪಾಟಾಗಿದೆ!

ಒಂದೇ ದಿನ, ಒಂದೇ ಗುತ್ತಿಗೆಯಲ್ಲಿ ಹಾಕಿದ ರಸ್ತೆ ಒಂದು ಕಡೆ ನೆಟ್ಟಗಿದ್ದು ಇನ್ನೊಂದು ಕಡೆ ಯಾಕೆ ಕುಸಿಯಬೇಕು? ಬಸ್ಸು ನಿಲ್ಲುವ ಜಾಗದಲ್ಲೇ ಯಾಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಅಡುಗೆ ಮನೆಯ ಬೆಲ್ಲ, ಆಸ್ಟ್ರೇಲಿಯದ ಒಂದು ಗಾಜಿನ ಲಾಳಿಕೆ, ಕೊನೆಗೆ ನನ್ನ ಹಳೆಯ ಕಸುಬಾದ ಬಡ್ಡಿ ಲೆಕ್ಕ, ಎಲ್ಲವೂ ಬರುತ್ತವೆ.

ಕಲಬುರಗಿಯಿಂದ ಹುಮನಾಬಾದ್ ಕಡೆಗೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೊರಟರೆ ಕಮಲಾಪುರ ಸಿಗುವುದಕ್ಕೆ ಮೊದಲು ನಮ್ಮ ಮಹಾಗಾಂವ ಬರುತ್ತದೆ. ಕಮಲಾಪುರ ಕೆಂಪು ಬಾಳೆಹಣ್ಣಿನಿಂದ ಹೆಸರಾದ ಊರು. ನಮ್ಮ ಊರು ಅಂಥ ಹೆಸರು ಮಾಡಿಲ್ಲ. ಆದರೆ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಕ್ರಾಸಿನಲ್ಲಿ ನಿಂತು ನೋಡಿದರೆ ಸುತ್ತಲಿನ ಹಳ್ಳಿಗಳ ಅರ್ಧ ಬದುಕೇ ಬಸ್ಸು ಹತ್ತುತ್ತದೆ. ಕಾಲೇಜಿಗೆ ಹೋಗುವ ಹುಡುಗಿಯರು, ದವಾಖಾನೆಗೆ ಹೋಗುವ ಮುದುಕರು, ಕಚೇರಿ ಕೆಲಸಕ್ಕೆ ಕಾಗದಪತ್ರ ಹಿಡಿದ ರೈತರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಹೆಣ್ಣುಮಕ್ಕಳ ಓಡಾಟ ಹೆಚ್ಚಾಗಿ ಬಸ್ಸುಗಳು ತುಂಬಿಕೊಂಡೇ ಬರುತ್ತವೆ.

ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ಆಯಿಯೊಬ್ಬರು ಹೀಗೇ ಬಸ್ಸು ಹತ್ತಲು ಹೋಗಿ ಗಾಲಿಜಾಡಿನಲ್ಲಿ ಕಾಲಿಟ್ಟರು. ಮೇಲೆ ಕೆಂಪು ನೀರು ನಿಂತಿದ್ದರಿಂದ ತಗ್ಗು ಎಷ್ಟಿದೆ ಎಂದು ಕಂಡಿರಲಿಲ್ಲ. ಬಿದ್ದು ಮುಂಗೈ ಮುರಿಯಿತು. ತೊಗರಿ ಬಿಡಿಸುವ ಹಂಗಾಮಿಗೆ ಅವರ ಕೈ ಇನ್ನೂ ಪಟ್ಟಿಯಲ್ಲೇ ಇತ್ತು. ಆ ಬಸ್ಸಿನ ಡ್ರೈವರನ್ನು ಜನ ಬೈದರು. ಅವನು ನನ್ನ ಕಡೆ ತಿರುಗಿ ಹೇಳಿದ ಮಾತು ನನಗೆ ಸರಿ ಎನಿಸಿತು:

“ಕಾಕಾರ, ನಾ ಬೇಕಂತ ದೂರ ನಿಲ್ಸಲ್ರಿ. ಆ ತಗ್ಗಿನ್ಯಾಗ ಗಾಲಿ ಇಳ್ಸಿದ್ರ ಬಸ್ಸು ಒಂದ್ ಕಡಿ ವಾಲ್ತದ, ಒಳಗ ನಿಂತೋರು ಬೀಳ್ತಾರ. ದೂರ ನಿಲ್ಸಿದ್ರ ಹೊರಗಿನೋರು ಬೀಳ್ತಾರ. ನಾ ಏನ್ ಮಾಡ್ಲಿ ಹೇಳ್ರಿ?”

ರಸ್ತೆಯ ಎರಡು ಅಂಗುಲದ ತಗ್ಗು ಬರೀ ರಸ್ತೆಯ ವಿಷಯವಲ್ಲ ಎನ್ನುವುದಕ್ಕೆ ಇಷ್ಟು ಸಾಕು. ಈಗ ಕಾರಣಕ್ಕೆ ಬರೋಣ.

ಗಟ್ಟಿಯೋ, ದ್ರವವೋ?

ನಾವು ಬಾಯಿಮಾತಿಗೆ ಡಾಂಬರು ಎನ್ನುತ್ತೇವೆ. ಈಗ ರಸ್ತೆಗೆ ಬಳಸುವುದು ಬಿಟುಮೆನ್. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಅಂಟು ಅದು. ರಸ್ತೆಯ ಮೇಲ್ಪದರದ 100 ಕಿಲೊ ಮಿಶ್ರಣದಲ್ಲಿ ಸುಮಾರು 95 ಕಿಲೊ ಖಡಿ ಮತ್ತು ಕಲ್ಲಿನ ಪುಡಿ, ಸುಮಾರು 5 ಕಿಲೊ ಬಿಟುಮೆನ್. ನಮ್ಮ ಮನೆಯ ಶೇಂಗಾ ಚಿಕ್ಕಿ ನೆನಪಿಸಿಕೊಳ್ಳಿ. ಶೇಂಗಾ ಎಂದರೆ ಖಡಿ, ಬೆಲ್ಲದ ಪಾಕ ಎಂದರೆ ಬಿಟುಮೆನ್. ಪಾಕ ಶೇಂಗಾವನ್ನು ಹಿಡಿದಿಡುತ್ತದೆ, ಆದರೆ ಹಲ್ಲಿಗೆ ಸಿಗುವ ಗಟ್ಟಿತನ ಶೇಂಗಾದ್ದು.

ಚಳಿಗಾಲದಲ್ಲಿ ಚಿಕ್ಕಿ ಟಕ್ ಎಂದು ಮುರಿಯುತ್ತದೆ. ಅದೇ ಚಿಕ್ಕಿಯನ್ನು ಮೇ ತಿಂಗಳ ಮಧ್ಯಾಹ್ನ ಜೇಬಿನಲ್ಲಿ ಇಟ್ಟುಕೊಂಡು ಊರು ಸುತ್ತಿ ಬನ್ನಿ. ಜೇಬಿನ ಆಕಾರಕ್ಕೇ ಬಾಗಿರುತ್ತದೆ. ಬಿಟುಮೆನ್ ಸ್ವಭಾವವೂ ಹೀಗೇ. ತಣ್ಣಗಿದ್ದಾಗ, ಪಟ್ಟನೆ ಹೊಡೆದಾಗ ಕಲ್ಲಿನಂತೆ ವರ್ತಿಸುತ್ತದೆ. ಬಿಸಿಯಾದಾಗ, ನಿಧಾನವಾಗಿ ಒತ್ತಿದಾಗ ಜೇನಿನಂತೆ ಹರಿಯುತ್ತದೆ.

ಇದನ್ನು ತೋರಿಸಲು ಜಗತ್ತಿನಲ್ಲಿ ಒಂದು ಮೋಜಿನ ಪ್ರಯೋಗ ನಡೆಯುತ್ತಲೇ ಇದೆ. 1927ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಮೇಷ್ಟ್ರು ಥಾಮಸ್ ಪಾರ್ನೆಲ್ ಒಂದು ಗಾಜಿನ ಲಾಳಿಕೆಗೆ ಬಿಸಿ ಪಿಚ್ ಸುರಿದರು. ಪಿಚ್ ಎಂದರೆ ಡಾಂಬರಿನ ಜಾತಿಯದೇ ಒಂದು ಕಪ್ಪು ವಸ್ತು. ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗುತ್ತದೆ. 1930ರಲ್ಲಿ ಲಾಳಿಕೆಯ ತುದಿ ಕತ್ತರಿಸಿ ಕಾಯುತ್ತ ಕೂತರು. ಮೊದಲ ಹನಿ ಬೀಳಲು ಎಂಟು ವರ್ಷ ಹಿಡಿಯಿತು! 2014ರ ಹೊತ್ತಿಗೆ ಬಿದ್ದ ಹನಿಗಳು ಒಟ್ಟು ಒಂಬತ್ತು. ಗಟ್ಟಿ ಎಂದು ಕಾಣುವ ವಸ್ತು ಹರಿಯುತ್ತಲೇ ಇರುತ್ತದೆ, ಅದಕ್ಕೆ ಬೇಕಾದದ್ದು ಸಮಯ.

ಈ ‘ಸಮಯ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಒಂದು ಬಸ್ಸು, 8,000 ಪಟ್ಟು ಸಮಯ

ಬಸ್ಸು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಹೋಗುತ್ತದೆ. ಟೈರು ನೆಲಕ್ಕೆ ತಾಗುವ ಜಾಗ ಸುಮಾರು 25 ಸೆಂ.ಮೀ. ಉದ್ದ ಎಂದು ಇಟ್ಟುಕೊಳ್ಳಿ. ಹಾಗಾದರೆ ರಸ್ತೆಯ ಒಂದು ಬಿಂದುವಿನ ಮೇಲೆ ಆ ಟೈರು ಇರುವುದು ಎಷ್ಟು ಹೊತ್ತು? ಭಾಗಿಸಿ ನೋಡಿ: 0.015 ಸೆಕೆಂಡು. ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಬಿಟುಮೆನ್‌ಗೆ ಹರಿಯಲು ಪುರುಸೊತ್ತೇ ಸಿಗುವುದಿಲ್ಲ.

ಅದೇ ಬಸ್ಸು ನಿಲ್ದಾಣದಲ್ಲಿ ಎರಡು ನಿಮಿಷ, ಅಂದರೆ 120 ಸೆಕೆಂಡು ನಿಂತಿತು. 120ನ್ನು 0.015ರಿಂದ ಭಾಗಿಸಿದರೆ 8,000. ಓಡುವ ಬಸ್ಸು ಕೊಡುವುದಕ್ಕಿಂತ 8,000 ಪಟ್ಟು ಹೆಚ್ಚು ಸಮಯವನ್ನು ನಿಂತ ಬಸ್ಸು ಡಾಂಬರಿಗೆ ಕೊಡುತ್ತದೆ. ಬಸ್ಸು ಬಿಟ್ಟು ಹೋದ ಮೇಲೆ ಡಾಂಬರು ಸ್ವಲ್ಪ ಮೇಲೇಳುತ್ತದೆ, ಪೂರ್ತಿ ಏಳುವುದಿಲ್ಲ. ಪ್ರತಿ ಸಲ ಕೂದಲೆಳೆಯಷ್ಟು ಉಳಿದದ್ದು ಸೇರಿ ಸೇರಿ ಕಾಲುವೆಯಾಗುತ್ತದೆ. ಹನಿ ಹನಿ ಗೂಡಿದರೆ ಹಳ್ಳ ಎನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ.

ಇದಕ್ಕೆ ಇನ್ನೂ ನಾಲ್ಕು ಕಾರಣಗಳು ಜೊತೆಗೂಡುತ್ತವೆ.

ಮೊದಲನೆಯದು ಬಿಸಿಲು. ನಮ್ಮ ಕಲಬುರಗಿಯ ಬೇಸಿಗೆ ಬೇರೆ ಹೇಳಬೇಕೇ? ನೆರಳಿನಲ್ಲೇ 42–43 ಡಿಗ್ರಿ ಇರುವ ದಿನ ಕಪ್ಪು ರಸ್ತೆಯ ಮೈ 60 ಡಿಗ್ರಿ ದಾಟುತ್ತದೆ. ಬಿಟುಮೆನ್ ಮೆತ್ತಗಾಗುವ ಬಿಸಿಯನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಕ್ರಮವೊಂದಿದೆ. ಒಂದು ಉಂಗುರದಲ್ಲಿ ಬಿಟುಮೆನ್ ತುಂಬಿ, ಮೇಲೆ 3.5 ಗ್ರಾಮಿನ ಉಕ್ಕಿನ ಗುಂಡು ಇಟ್ಟು, ನೀರಿನಲ್ಲಿ ನಿಧಾನವಾಗಿ ಕಾಯಿಸುತ್ತಾರೆ. ಗುಂಡು ಯಾವ ಬಿಸಿಗೆ ಕೆಳಗೆ ಇಳಿಯುತ್ತದೋ ಅದು ಅದರ ಮೆದುವಾಗುವ ಬಿಂದು. ನಮ್ಮಲ್ಲಿ ಹೆಚ್ಚಾಗಿ ಬಳಸುವ ವಿ.ಜಿ.-30 ಎಂಬ ದರ್ಜೆಯ ಬಿಟುಮೆನ್‌ಗೆ ಅದು ಕನಿಷ್ಠ 47 ಡಿಗ್ರಿ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. 47 ಎಲ್ಲಿ, 60 ಎಲ್ಲಿ! ಬೇಸಿಗೆಯ ಮಧ್ಯಾಹ್ನ ರಸ್ತೆಯನ್ನು ಎತ್ತಿ ಹಿಡಿಯುವ ಕೆಲಸ ಬಹುಪಾಲು ಖಡಿಯ ಮೇಲೇ ಬೀಳುತ್ತದೆ.

ಎರಡನೆಯದು ಭಾರ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಒಟ್ಟಾವ ಎಂಬ ಊರಿನ ಹತ್ತಿರ, ರಸ್ತೆಗಳನ್ನು ಕಟ್ಟಿ ಲಾರಿಗಳನ್ನು ಹಗಲು ರಾತ್ರಿ ಓಡಿಸಿ ಪರೀಕ್ಷೆ ಮಾಡಿದರು. ಅದರಿಂದ ಬಂದ ಲೆಕ್ಕ ಇದು: ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ಅಂದರೆ 2×2×2×2. ತುಂಬಿದ ಬಸ್ಸಿನ ಹಿಂದಿನ ಆಕ್ಸಲ್ ಭಾರ ಸಣ್ಣ ಕಾರಿನ ಆಕ್ಸಲ್‌ಗಿಂತ 10 ಪಟ್ಟು ಎಂದಿಟ್ಟುಕೊಂಡರೂ ಹಾನಿ 10,000 ಪಟ್ಟು. ಅದಕ್ಕೇ ರಸ್ತೆಯ ಲೆಕ್ಕ ಹಾಕುವ ಇಂಜಿನಿಯರುಗಳು ಕಾರು, ಬೈಕುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮೂರನೆಯದು ಬ್ರೇಕು. ಬಸ್ಸು ನಿಲ್ಲುವಾಗ ಟೈರು ರಸ್ತೆಯನ್ನು ಮುಂದಕ್ಕೆ ತಳ್ಳುತ್ತದೆ, ಹೊರಡುವಾಗ ಹಿಂದಕ್ಕೆ ತಳ್ಳುತ್ತದೆ. ಚಾಪೆಯನ್ನು ಕಾಲಿನಿಂದ ತಳ್ಳಿದರೆ ಸುಕ್ಕು ಬೀಳುವ ಹಾಗೆ ಡಾಂಬರಿನಲ್ಲೂ ಅಲೆಗಳು ಏಳುತ್ತವೆ. ನಾಲ್ಕನೆಯದು ಎಣ್ಣೆ. ನಿಂತ ಬಸ್ಸಿನಿಂದ ಡೀಸೆಲ್, ಇಂಜಿನ್ ಆಯಿಲ್ ತೊಟ್ಟಿಕ್ಕುತ್ತದೆ. ಬಿಟುಮೆನ್ ಕೂಡ ಆ ಎಣ್ಣೆಗಳ ಬಳಗದ್ದೇ ಆದ್ದರಿಂದ ಅವುಗಳಲ್ಲಿ ಕರಗುತ್ತದೆ. ಅಂಟು ಕರಗಿದ ಮೇಲೆ ಖಡಿ ಒಂದೊಂದಾಗಿ ಕಿತ್ತು ಬರುತ್ತದೆ.

ರೋಗ ಯಾವುದು ಎಂದು ಮೊದಲು ತಿಳಿಯಬೇಕು

ಹೊಟ್ಟೆನೋವು ಎಂದ ಕೂಡಲೇ ಎಲ್ಲರಿಗೂ ಒಂದೇ ಗುಳಿಗೆ ಕೊಡುವ ವೈದ್ಯರನ್ನು ನಾವು ಒಪ್ಪುವುದಿಲ್ಲ. ಗಾಲಿಜಾಡಿಗೂ ಹಾಗೇ. ಮೇಲಿನಿಂದ ಒಂದೇ ಥರ ಕಂಡರೂ ಅದರಲ್ಲಿ ಎರಡು ಮುಖ್ಯ ಜಾತಿಗಳಿವೆ.

ಜಾಡು ಕಿರಿದಾಗಿದ್ದು, ಅದರ ಎರಡೂ ಬದಿ ಡಾಂಬರು ಉಬ್ಬಿದ್ದರೆ ರೋಗ ಮೇಲ್ಪದರದಲ್ಲಿದೆ. ಗಾಲಿಯ ಕೆಳಗಿನ ಮಿಶ್ರಣ ಪಕ್ಕಕ್ಕೆ ಹರಿದು ಬಂದು ದಿಬ್ಬವಾಗಿದೆ. ಬಿಟುಮೆನ್ ಹೆಚ್ಚಾಗಿರಬಹುದು, ಖಡಿ ದುಂಡಗಿರಬಹುದು, ಪುಡಿ ಜಾಸ್ತಿ ಇರಬಹುದು. ಪಾಕ ಹೆಚ್ಚಾದ ಚಿಕ್ಕಿ ಬೇಗ ಬಾಗುತ್ತದೆ, ಅಷ್ಟೆ. ಒಳ್ಳೆಯ ಮಿಶ್ರಣದಲ್ಲಿ 100ಕ್ಕೆ 3ರಿಂದ 5 ಭಾಗ ಗಾಳಿಯ ಜಾಗ ಉಳಿದಿರಬೇಕು. ಆ ಜಾಗ ತೀರಾ ಕಡಿಮೆಯಾದರೆ ಬಿಸಿಲಿಗೆ ಹಿಗ್ಗಿದ ಬಿಟುಮೆನ್‌ಗೆ ಹೋಗಲು ದಾರಿಯಿಲ್ಲದೆ ಖಡಿಗಳನ್ನೇ ತಳ್ಳಿ ಹರಿಯುತ್ತದೆ.

ತಗ್ಗು ಅಗಲವಾಗಿ ಬೋಗುಣಿಯ ಹಾಗಿದ್ದು, ಬದಿಯಲ್ಲಿ ಉಬ್ಬು ಇಲ್ಲದಿದ್ದರೆ, ಮೇಲೆ ಮೊಸಳೆ ಚರ್ಮದಂಥ ಬಿರುಕುಗಳಿದ್ದರೆ ರೋಗ ಕೆಳಗಿನದು. ಡಾಂಬರಿನ ತಳದ ಖಡಿ ಪದರವೋ, ಅದಕ್ಕೂ ಕೆಳಗಿನ ಮಣ್ಣೋ ಕುಸಿದಿದೆ. ನಮ್ಮ ಕಡೆಯ ಎರಿಭೂಮಿ ಹ್ಯಾಂಗೆ ಎಂದು ಒಕ್ಕಲಿಗರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಜೋಳಕ್ಕೆ, ತೊಗರಿಗೆ ಅದು ಬಂಗಾರ. ರಸ್ತೆಯ ತಳಪಾಯಕ್ಕೆ ಮಾತ್ರ ತಲೆನೋವು. ಪಕ್ಕದಲ್ಲಿ ಚರಂಡಿ ಇಲ್ಲದೆ ನೀರು ಇಂಗಿದರೆ ಆ ಮಣ್ಣು ನೆನೆದ ರೊಟ್ಟಿಯಂತಾಗುತ್ತದೆ.

ಅಳೆಯುವುದು ಹೇಗೆ? ಮೂರು ಮೀಟರ್ ಉದ್ದದ ನೆಟ್ಟನೆಯ ಪಟ್ಟಿಯನ್ನು ರಸ್ತೆಗೆ ಅಡ್ಡವಾಗಿ ಇಟ್ಟು, ಅದರ ಕೆಳಗಿನ ಸಂದನ್ನು ಅಳತೆಪಟ್ಟಿಯಿಂದ ಅಳೆಯುತ್ತಾರೆ. ಗೌಂಡಿಗಳು ಗಿಲಾಯಿ ಮಾಡುವಾಗ ಬಳಸುವ ಅಲ್ಯುಮಿನಿಯಂ ಪಟ್ಟಿ ನೋಡಿದ್ದೀರಲ್ಲ, ಅಂಥದ್ದೇ. ಸರಾಸರಿ ತಗ್ಗು 20 ಮಿ.ಮೀ. ಮುಟ್ಟಿದರೆ ಗಾಲಿಜಾಡಿನ ಲೆಕ್ಕದಲ್ಲಿ ಆ ರಸ್ತೆ ಸೋತಂತೆ ಎಂದು ನಮ್ಮ ದೇಶದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೈಪಿಡಿ ಎಣಿಸುತ್ತದೆ. 20 ಮಿ.ಮೀ. ಎಂದರೆ ದೊಡ್ಡವರ ಹೆಬ್ಬೆರಳಿನ ಅಗಲ. ಅಷ್ಟು ತಗ್ಗಿನಲ್ಲಿ ನೀರು ನಿಂತರೆ ಬೈಕಿನ ಟೈರು ಜಾರಲು ಸಾಕು. ಒಳಗಿನ ರೋಗ ಖಚಿತವಾಗಬೇಕಾದರೆ ಇಂಜಿನಿಯರುಗಳು ರಸ್ತೆಗೆ ಅಡ್ಡವಾಗಿ ಸಣ್ಣ ಗುಂಡಿ ತೋಡಿ ಯಾವ ಪದರ ಬಾಗಿದೆ ಎಂದು ಕಣ್ಣಾರೆ ನೋಡುತ್ತಾರೆ.

ಮಕ್ಕಳೇ, ಒಂದು ಮಾತು. ಹೆದ್ದಾರಿಯ ಮೇಲೆ ಇಳಿದು ಅಳೆಯುವ ಸಾಹಸ ಬೇಡವೇ ಬೇಡ. ಅದು ದೊಡ್ಡವರ, ಅದೂ ವಾಹನ ತಡೆದು ನಿಲ್ಲಿಸುವ ಅಧಿಕಾರ ಇರುವವರ ಕೆಲಸ.

ತೇಪೆ ಯಾಕೆ ನಿಲ್ಲುವುದಿಲ್ಲ?

ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಂದು ಗಾಡಿ ಬರುತ್ತದೆ. ಜಾಡಿನೊಳಗೆ ಬಿಸಿ ಖಡಿ ಸುರಿದು, ರೋಲರ್ ಎರಡು ಸಲ ಓಡಿಸಿ ಹೋಗುತ್ತಾರೆ. ಮುಂದಿನ ಬೇಸಿಗೆಗೆ ತಗ್ಗು ಮತ್ತೆ ಹಾಜರು. ನನ್ನ ಮೊಮ್ಮಗ ಕೇಳಿದ: “ಮುತ್ಯಾ, ಹೋದ ವರ್ಷನೇ ತುಂಬ್ಯಾರಲ್ಲ, ಮತ್ಯಾಕ ತಗ್ಗು ಬಿದ್ದದ?” ಪ್ರಶ್ನೆ ಸರಿಯಾಗಿದೆ.

ಒಂದು, ಕೆಳಗಿನ ಮೆದು ಪದರ ಹಾಗೇ ಉಳಿದಿದೆ. ಮೇಲೆ ಎಷ್ಟು ತುಂಬಿದರೂ ಅದು ಹರಿಯುವುದನ್ನು ಬಿಡುವುದಿಲ್ಲ. ಎರಡು, ತಗ್ಗಿನ ಜಾಗದಲ್ಲಿ ಹೊಸ ಪದರ ದಪ್ಪ, ಉಬ್ಬಿನ ಮೇಲೆ ತೆಳು. ರೋಲರಿನ ಅಗಲವಾದ ಉರುಳೆ ಉಬ್ಬಿನ ಮೇಲೇ ಕೂತು ಹೋಗುತ್ತದೆ, ತಗ್ಗಿನೊಳಗಿನದು ಸರಿಯಾಗಿ ಅಮುಕುವುದಿಲ್ಲ. ಉಳಿದ ಅಮುಕುವ ಕೆಲಸವನ್ನು ಬಸ್ಸುಗಳೇ ಮಾಡುತ್ತವೆ. ಹಾಗಾಗಿ ಮೊದಲಿದ್ದ ಜಾಗದಲ್ಲೇ ಜಾಡು ಮತ್ತೆ ಮೂಡುತ್ತದೆ.

ಡಾಂಬರಿನಲ್ಲೇ ದುರಸ್ತಿ ಮಾಡುವುದಾದರೆ ಅದಕ್ಕೊಂದು ಕ್ರಮವಿದೆ. ಮೊದಲು ಕೆಟ್ಟ ಪದರವನ್ನು, ಉಬ್ಬು ತಗ್ಗು ಎರಡೂ ಸೇರಿ, ಯಂತ್ರದಿಂದ ಕೆರೆದು ತೆಗೆಯಬೇಕು. ರೋಗ ಎಷ್ಟು ಆಳವೋ ಅಷ್ಟು ಆಳಕ್ಕೆ. ಜಾಡಿನ ಅಗಲಕ್ಕೆ ಮಾತ್ರ ಕೆರೆದರೆ ಸಾಲದು, ಬಸ್ಸು ನಿಲ್ಲುವ ಇಡೀ ಪಟ್ಟಿಯನ್ನು ಚೌಕಾಕಾರವಾಗಿ, ಅಂಚು ನೇರವಾಗಿ ಕತ್ತರಿಸಬೇಕು. ಧೂಳು ಗುಡಿಸಿ ಒಣಗಿಸಬೇಕು. ಹಳೆಯದಕ್ಕೂ ಹೊಸದಕ್ಕೂ ಬೆಸೆಯಲು ತೆಳುವಾಗಿ ಅಂಟಿನ ಎಮಲ್ಷನ್ ಸಿಂಪಡಿಸಬೇಕು. ಆಮೇಲೆ ಮೂಲೆಗಳು ಚೂಪಾಗಿರುವ, ಯಂತ್ರದಲ್ಲಿ ಒಡೆದ ಖಡಿಯ ಮಿಶ್ರಣ. ಬಿಟುಮೆನ್ ವಿ.ಜಿ.-40 ಎಂಬ ಗಟ್ಟಿ ದರ್ಜೆಯದು ಅಥವಾ ಪಾಲಿಮರ್ ಬೆರೆಸಿದ್ದು ಇರಬೇಕು. ಲಾರಿ, ಬಸ್ಸುಗಳು ನಿಲ್ಲುವ, ನಿಧಾನ ಚಲಿಸುವ ಜಾಗಗಳಿಗೆಂದೇ ವಿ.ಜಿ.-40 ಹೇಳಿದ್ದಾರೆ. ಮಿಶ್ರಣ ಬಿಸಿ ಇರುವಾಗಲೇ ರೋಲರ್ ಪೂರ್ತಿ ಓಡಬೇಕು, ತಣ್ಣಗಾದ ಮೇಲೆಯೇ ಬಸ್ಸು ಬಿಡಬೇಕು. ಮಧ್ಯಾಹ್ನ ಹಾಕಿ ಸಂಜೆಗೆ ಬಸ್ಸು ನಿಲ್ಲಿಸಿದರೆ ಮೊದಲ ದಿನವೇ ಗುರುತು ಬೀಳುತ್ತದೆ.

ಪ್ಲಾಸ್ಟಿಕ್ ಚೂರುಗಳನ್ನು ಬಿಸಿ ಖಡಿಗೆ ಲೇಪಿಸಿ ರಸ್ತೆ ಮಾಡುವ ವಿಧಾನವನ್ನು ನೀವು ಕೇಳಿರಬಹುದು. ಮದುರೆಯ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರ ಈ ಕೆಲಸಕ್ಕೆ 2018ರಲ್ಲಿ ಪದ್ಮಶ್ರೀ ಬಂತು. ಅದೂ ಮಿಶ್ರಣದ ಬಿಗಿ ಹೆಚ್ಚಿಸುತ್ತದೆ. ಆದರೂ ನಿಂತ ಬಸ್ಸು, 60 ಡಿಗ್ರಿ ಬಿಸಿಲು ಎರಡೂ ಸೇರಿದ ಜಾಗದಲ್ಲಿ ಡಾಂಬರು ಡಾಂಬರೇ.

ಹರಿಯದ ನೆಲ

ಅದಕ್ಕೆ ಶಾಶ್ವತ ಉಪಾಯ ಎಂದರೆ ಬಸ್ಸು ನಿಲ್ಲುವಷ್ಟು ಜಾಗಕ್ಕೆ ಮಾತ್ರ ಸಿಮೆಂಟ್ ಕಾಂಕ್ರೀಟಿನ ಹಾಸು ಹಾಕುವುದು. ಕಾಂಕ್ರೀಟು ಬಿಸಿಲಿಗೆ ಮೆತ್ತಗಾಗುವುದಿಲ್ಲ, ಡೀಸೆಲ್‌ಗೆ ಕರಗುವುದಿಲ್ಲ. ಗಟ್ಟಿ ಹಲಗೆಯ ಹಾಗೆ ಭಾರವನ್ನು ಅಗಲಕ್ಕೆ ಹಂಚುವುದರಿಂದ ಕೆಳಗಿನ ಮಣ್ಣಿನ ಮೇಲೆ ಒತ್ತಡವೂ ಕಡಿಮೆ. ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟು ಹಾಸುತ್ತಿರುವುದನ್ನು, ‘ವೈಟ್ ಟಾಪಿಂಗ್’ ಎನ್ನುವುದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ನಮಗೆ ಇಡೀ ರಸ್ತೆ ಬೇಡ. ಒಂದು ಬಸ್ಸು ಸುಮಾರು 12 ಮೀಟರ್ ಉದ್ದ. ಎರಡು ಬಸ್ಸು ಹಿಂದೆ ಮುಂದೆ ನಿಂತು, ಬ್ರೇಕು ಹಾಕಲು ಹೊರಡಲು ಇಷ್ಟು ಜಾಗ ಎಂದರೆ 30–40 ಮೀಟರಿನ ಒಂದು ಪಟ್ಟಿ ಸಾಕಾದೀತು.

ಸಿಮೆಂಟು ಎಲ್ಲಿಂದಲೋ ತರಬೇಕಾಗಿಯೂ ಇಲ್ಲ. ಸೇಡಂ, ವಾಡಿ, ಶಹಾಬಾದ್ ಸುತ್ತಲಿನ ಸುಣ್ಣದಕಲ್ಲಿನಿಂದ ದೇಶಕ್ಕೆಲ್ಲ ಸಿಮೆಂಟು ಕಳಿಸುವ ಜಿಲ್ಲೆ ನಮ್ಮದು.

ಆದರೆ ಕಾಂಕ್ರೀಟು ಎಂದ ಕೂಡಲೇ ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ರೋಗ ಎರಿಮಣ್ಣಿನಲ್ಲಿದ್ದರೆ ಆ ಮಣ್ಣನ್ನು ತೆಗೆದು ಮೊರಂ ಗರಸು ತುಂಬಿ ಅಮುಕಬೇಕು, ಇಲ್ಲವೇ ಸುಣ್ಣ ಬೆರೆಸಿ ಅದರ ಉಬ್ಬುವ ಗುಣ ತಗ್ಗಿಸಬೇಕು. ನೀರು ಹೋಗಲು ಚರಂಡಿ ಮಾಡಬೇಕು. ಕಾಂಕ್ರೀಟಿಗೆ ನಾಲ್ಕೈದು ಮೀಟರಿಗೊಂದು ಕೂಡು ಕೊಯ್ಯಬೇಕು, ಇಲ್ಲದಿದ್ದರೆ ಅದು ತನಗೆ ಬೇಕಾದಲ್ಲಿ ಬಿರುಕು ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯ ನೀರುಣಿಸುವುದು. ನಮ್ಮ ಬಿಸಿಲಿಗೆ ಗೋಣಿತಟ್ಟು ಹಾಸಿ ಎರಡು ವಾರವಾದರೂ ತೇವ ಆರದಂತೆ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ಬಸ್ಸು ಬೇರೆ ಕಡೆ ನಿಲ್ಲಬೇಕು. “ಎರಡು ವಾರ ನಿಲ್ದಾಣ ಬಂದ್ ಮಾಡಿದ್ರ ಜನ ಸುಮ್ಮನಿರ್ತಾರೇನ್ರಿ?” ಎಂದು ಕೇಳುವವರಿದ್ದಾರೆ. ಐವತ್ತು ಹೆಜ್ಜೆ ಮುಂದೆ ಒಂದು ತಾತ್ಕಾಲಿಕ ನಿಲುಗಡೆ, ಒಂದು ಫಲಕ, ಬಿಸಿಲಿಗೆ ಒಂದು ತಗಡಿನ ಚಪ್ಪರ ಇದ್ದರೆ ಜನ ಸಹಿಸಿಕೊಳ್ಳುತ್ತಾರೆ. ವರ್ಷವಿಡೀ ತಗ್ಗಿನಲ್ಲಿ ಇಳಿಯುವುದಕ್ಕಿಂತ ಅದು ಮೇಲು.

ಅಷ್ಟು ದಿನ ನಿಲ್ಲಿಸಲು ಆಗದ ಕಡೆ ಇನ್ನೊಂದು ದಾರಿ ಇದೆ. ಫ್ರಾನ್ಸ್‌ನಲ್ಲಿ 1950ರ ದಶಕದಲ್ಲಿ, ಸೋರಿದ ಇಂಧನಕ್ಕೆ ಕರಗದ ರಸ್ತೆ ಬೇಕೆಂದು ಕಂಡುಹಿಡಿದದ್ದು. ಬೇಕೆಂದೇ ಕಾಲುಭಾಗದಷ್ಟು ಸಂದು ಬಿಟ್ಟು ಡಾಂಬರಿನ ಪದರ ಹಾಕುತ್ತಾರೆ. ಆಮೇಲೆ ಆ ಸಂದುಗಳಿಗೆ ತೆಳುವಾದ ಸಿಮೆಂಟು ರಾಡಿಯನ್ನು ಕುಡಿಸುತ್ತಾರೆ. ಡಾಂಬರಿನ ಬಾಗುವ ಗುಣ, ಸಿಮೆಂಟಿನ ಗಟ್ಟಿತನ ಎರಡೂ ಸಿಗುತ್ತವೆ, ಕಾಂಕ್ರೀಟಿಗಿಂತ ಬೇಗ ಬಸ್ಸು ಬಿಡಬಹುದು. ಗಟ್ಟಿ ಪೇವರ್ ಬ್ಲಾಕುಗಳೂ ಸಣ್ಣ ನಿಲ್ದಾಣಗಳಿಗೆ ಆದೀತು. ಕೆಟ್ಟ ಬ್ಲಾಕನ್ನು ಕಿತ್ತು ಬೇರೆ ಕೂರಿಸಬಹುದು. ತಳಪಾಯ ಮಾತ್ರ ಗಟ್ಟಿ ಇರಬೇಕು.

ಬ್ಯಾಂಕಿನವನ ಲೆಕ್ಕ

“ಕಾಂಕ್ರೀಟು ಭಾಳ ತುಟ್ಟಿ” ಎನ್ನುವುದು ಎಲ್ಲ ಕಡೆ ಕೇಳುವ ಮಾತು. ಬಿ.ಕಾಂ.ನಲ್ಲಿ ನಮಗೆ ಮೊದಲು ಕಲಿಸಿದ ಪಾಠಗಳಲ್ಲಿ ಒಂದು, ವರ್ಷವರ್ಷದ ಖರ್ಚು ಬೇರೆ, ಬಂಡವಾಳದ ಖರ್ಚು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ತರಬೇಕಾದರೆ ಬಡ್ಡಿ ಬೇಕು.

ಲೆಕ್ಕಕ್ಕಾಗಿ ಅಂದುಕೊಳ್ಳೋಣ, ಒಂದು ನಿಲ್ದಾಣದ ತೇಪೆಗೆ ವರ್ಷಕ್ಕೆ 1 ಲಕ್ಷ ರೂಪಾಯಿ. 10 ವರ್ಷಕ್ಕೆ 10 ಲಕ್ಷ. ಆದರೆ ಇವತ್ತಿನ 1 ಲಕ್ಷವೂ ಹತ್ತು ವರ್ಷದ ಮೇಲಿನ 1 ಲಕ್ಷವೂ ಒಂದೇ ಅಲ್ಲ. 100ಕ್ಕೆ 8ರ ಬಡ್ಡಿ ಹಿಡಿದರೆ, ಪ್ರತಿ ವರ್ಷದ ಕೊನೆಗೆ 1 ಲಕ್ಷದಂತೆ 10 ವರ್ಷ ಕೊಡಲು ಇವತ್ತು ಬ್ಯಾಂಕಿನಲ್ಲಿ ಇಡಬೇಕಾದ ಮೊತ್ತ ಸುಮಾರು 6 ಲಕ್ಷ 71 ಸಾವಿರ. 20 ವರ್ಷಕ್ಕಾದರೆ 9 ಲಕ್ಷ 82 ಸಾವಿರ. ಅಂದರೆ 20 ವರ್ಷ ಬಾಳುವ ಕಾಂಕ್ರೀಟು ಹಾಸಿಗೆ ವರ್ಷದ ತೇಪೆಯ ಒಂಬತ್ತು ಪಟ್ಟು ಖರ್ಚಾದರೂ ನಷ್ಟವಿಲ್ಲ. ತೇಪೆಯ ದರ ವರ್ಷ ವರ್ಷ ಏರುವುದನ್ನು ನಾನಿನ್ನೂ ಸೇರಿಸಿಲ್ಲ. ಆಯಿಯ ಮುರಿದ ಮುಂಗೈಗೆ ಆದ ದವಾಖಾನೆ ಖರ್ಚು, ತಪ್ಪಿದ ಕೂಲಿ ಯಾವ ಇಲಾಖೆಯ ಖಾತೆಯಲ್ಲೂ ಬರುವುದಿಲ್ಲ. ಆ ಖರ್ಚನ್ನು ಅವರ ಮನೆಯವರೇ ಕಟ್ಟಿದರು.

ನಿಮ್ಮ ಊರಿನ ನಿಜವಾದ ಅಂಕಿಗಳನ್ನು ಈ ಲೆಕ್ಕದಲ್ಲಿ ಹಾಕಿ ನೋಡಿ. ಉತ್ತರ ಕಾಂಕ್ರೀಟಿನ ಕಡೆಯೇ ಬರಬೇಕೆಂದೇನೂ ಇಲ್ಲ. ದಿನಕ್ಕೆ ಎರಡೇ ಬಸ್ಸು ಬರುವ ಹಳ್ಳಿಗೆ ಸರಿಯಾಗಿ ಮಾಡಿದ ಡಾಂಬರಿನ ದುರಸ್ತಿಯೇ ಸಾಕು. ನಿಮಿಷ ನಿಮಿಷಕ್ಕೆ ಬಸ್ಸು ನಿಲ್ಲುವ ಕ್ರಾಸಿಗೆ ಸಾಲದು.

ಊರಿನವರು ಮಾಡಬಹುದಾದದ್ದು

“ರಸ್ತೆ ಹಾಳಾಗಿದೆ, ಸರಿ ಮಾಡಿ” ಎಂಬ ಅರ್ಜಿಗೆ ಸಿಗುವುದು ತೇಪೆಯೇ. ಅರ್ಜಿಯಲ್ಲಿ ನಾಲ್ಕು ಸಂಗತಿ ಬರೆಯಿರಿ. ಜಾಡು ಕಿರಿದೋ ಅಗಲವೋ, ಬದಿಯಲ್ಲಿ ಉಬ್ಬು ಇದೆಯೋ ಇಲ್ಲವೋ. ಮಳೆ ನಿಂತ ಎಷ್ಟು ಹೊತ್ತಿನವರೆಗೆ ನೀರು ನಿಲ್ಲುತ್ತದೆ. ಹಿಂದೆ ಎಷ್ಟು ಸಲ ತೇಪೆ ಹಾಕಿದ್ದಾರೆ, ಯಾವ ಯಾವ ತಿಂಗಳಲ್ಲಿ. ಬೆಳಗಿನ ಎರಡು ತಾಸಿನಲ್ಲಿ ಎಷ್ಟು ಬಸ್ಸು ನಿಲ್ಲುತ್ತವೆ. ಕೊನೆಯ ಎಣಿಕೆಯನ್ನು ನೀವು ಮಕ್ಕಳೇ ನಿಲ್ದಾಣದ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬಹುದು. ನಾವು ಹೀಗೊಂದು ಅರ್ಜಿ ಬರೆದು, ಪಂಚಾಯಿತಿಯ ಸಹಿಯೊಂದಿಗೆ ರಸ್ತೆ ನೋಡಿಕೊಳ್ಳುವವರಿಗೆ ಕಳಿಸಿದ್ದೇವೆ. ತೇಪೆ ಬೇಡ, ಮೊದಲು ಗುಂಡಿ ತೋಡಿ ರೋಗ ನೋಡಿ ಎಂದು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಒಂದು ತಿಂಗಳು ನೋಡಿ ಎರಡನೆಯ ಅರ್ಜಿ ಹಾಕುವುದೆಂದು ಆಯಿಯೇ ಹೇಳಿದ್ದಾರೆ. ಮೊದಲ ಹೆಬ್ಬೆಟ್ಟು ಅವರದು.

ಇನ್ನು ನಿಮ್ಮ ಪ್ರಯೋಗ. ಮೆತ್ತನೆಯ ಬೆಲ್ಲದ ಎರಡು ಉಂಡೆಗಳನ್ನು ತಟ್ಟೆಯಲ್ಲಿ ಚಪ್ಪಟೆ ಮಾಡಿ. ಒಂದನ್ನು ನೆರಳಿನಲ್ಲಿ, ಇನ್ನೊಂದನ್ನು ಬಿಸಿಲಿನಲ್ಲಿ ಇಡಿ. ಎರಡರ ಮೇಲೂ ಒಂದೇ ತೂಕದ ಸಣ್ಣ ಕಲ್ಲನ್ನು ಮೊದಲು ಒಂದು ಕ್ಷಣ ಇಟ್ಟು ತೆಗೆಯಿರಿ. ಆಮೇಲೆ ಪಕ್ಕದ ಜಾಗದಲ್ಲಿ ಒಂದು ತಾಸು ಇಟ್ಟು ತೆಗೆಯಿರಿ. ನಾಲ್ಕು ಗುರುತುಗಳ ಆಳವನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಬಿಸಿಲಿನ ಉಂಡೆಯ ಒಂದು ತಾಸಿನ ಗುರುತಿನ ಸುತ್ತ ಬೆಲ್ಲ ಉಬ್ಬಿದೆಯೇ ನೋಡಿ. ಇರುವೆಗಳಿಂದ ಕಾಯುವುದು ನಿಮ್ಮ ಜವಾಬ್ದಾರಿ. ನಾಲ್ಕೂ ಅಂಕಿಗಳನ್ನು ನಿಮ್ಮ ಊರಿನ ಹೆಸರಿನ ಜೊತೆ ಅಂಚೆ ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಕಲಬುರಗಿಯ ಬೆಲ್ಲ ಹೆಚ್ಚು ಇಳಿಯಿತೋ, ಮಡಿಕೇರಿಯದೋ, ಒಟ್ಟಿಗೆ ಇಟ್ಟು ನೋಡೋಣ.